‘ಇತರೆ’ ಕಾಲಮ್ಮಿಗೆ ತಳ್ಳಿದ್ದ ಮಾತುಗಳು

ನಾನು ಸರ್ವೆ ಕೆಲಸ ಮಾಡುತ್ತೇನೆ. ರಸ್ತೆ, ಮಾರ್ಕೆಟ್, ಬಸ್ ನಿಲ್ದಾಣ ಏನಾದರೂ ಕಟ್ಟುವ ಮುಂಚೆ ಜನ ಏನಂತಾರೆ ಅಂತ ಕೇಳಿ, ಬರೆದುಕೊಂಡು, ಲೆಕ್ಕ ಹಾಕಿ ವರದಿ ಕೊಡುವ ಕೆಲಸ. 11 ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬಳ್ಳಾರಿಯ ಒಂದು ಪಾದಚಾರಿ ಸೇತುವೆಯ ಕೆಲಸದಲ್ಲಿ ಆಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಲಿ ಅಂತ ಬರೆಯುತ್ತಿದ್ದೇನೆ.

ಜಾಗದ ಹೆಸರು ಬೇಡ. ನಮ್ಮೂರಿನವರಿಗೆ ಇಂಥ ರಸ್ತೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅಗಲವಾದ ರಸ್ತೆ, ನಡುವೆ ಡಿವೈಡರ್, ಅದರಲ್ಲಿ ಜನರೇ ಮಾಡಿಕೊಂಡ ಒಂದು ಸಂದಿ. ಒಂದು ಬದಿಗೆ ಬಸ್ಸುಗಳು ನಿಲ್ಲುತ್ತವೆ. ಇನ್ನೊಂದು ಬದಿಗೆ ಆಸ್ಪತ್ರೆ. ಅದರ ಹಿಂದಿನ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವ ಮನೆಗಳು. ಬೆಳಗ್ಗೆಯಿಂದ ರಾತ್ರಿವರೆಗೆ ಜನ ಆ ಸಂದಿಯಲ್ಲೇ ನುಗ್ಗಿ ದಾಟುತ್ತಾರೆ. ಅಲ್ಲೊಂದು ಸೇತುವೆ ಬೇಕು ಅಂತ ತೀರ್ಮಾನ ಆಗಿತ್ತು. ಮೂರು ವಿನ್ಯಾಸ ತಯಾರಾಗಿದ್ದವು. ಯಾವುದು ಬೇಕು ಅಂತ ಜನರನ್ನು ಕೇಳುವ ಕೆಲಸ ನಮ್ಮ ಪಾಲಿಗೆ ಬಂತು.

ಮೊದಲನೆಯದು ಉಕ್ಕಿನ ಕಮಾನು, ರಾತ್ರಿ ಬಣ್ಣದ ಲೈಟು. ಎರಡನೆಯದು ಒಂದೇ ಕಂಬ, ಅದರಿಂದ ಇಳಿಬಿದ್ದ ಕೇಬಲ್ಲುಗಳು. ಮೂರನೆಯದು ಸಾದಾ ಉಕ್ಕಿನ ಚೌಕಟ್ಟು, ಮೇಲೆ ಶೀಟಿನ ಮಾಡು. ಮೂರನ್ನೂ ದೊಡ್ಡ ಬೋರ್ಡಿನ ಮೇಲೆ ಪ್ರಿಂಟ್ ಹಾಕಿಸಿ, ಶಾಮಿಯಾನದ ಕೆಳಗೆ ಟೇಬಲ್ ಇಟ್ಟು ಕೂತೆವು. ಏಪ್ರಿಲ್ ತಿಂಗಳು. ಹಾಗಾಗಿ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಏಳು. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಹೊರಗೆ ಯಾರು ಕೂರುತ್ತಾರೆ? ಈ ಸಮಯವನ್ನು ನಾನೇ ಗೊತ್ತು ಮಾಡಿದ್ದು. ಅಲ್ಲೇ ಮೊದಲ ತಪ್ಪು ಆಗಿತ್ತು, ಆಗ ನನಗೆ ಹೊಳೆಯಲಿಲ್ಲ.

ಫಾರಂ ಚಿಕ್ಕದು. ಮೂರರಲ್ಲಿ ಒಂದಕ್ಕೆ ಟಿಕ್ ಹಾಕಬೇಕು, ಕೆಳಗೆ ಎರಡು ಗೆರೆಯಲ್ಲಿ ಕಾರಣ ಬರೆಯಬೇಕು. ಆಫೀಸಿನಲ್ಲಿ ನಾನು ಆ ಕಾರಣಗಳನ್ನು ಓದಿ ಕಾಲಮ್ಮುಗಳಿಗೆ ಹಂಚುತ್ತಿದ್ದೆ. ಅಂದ, ಖರ್ಚು, ಗಟ್ಟಿತನ, ಇತರೆ. ‘ಚೆನ್ನಾಗಿದೆ’ ಅಂದರೆ ಅಂದ. ‘ದುಡ್ಡು ಜಾಸ್ತಿ ಆಗುತ್ತೆ’ ಅಂದರೆ ಖರ್ಚು. ಎಲ್ಲೂ ಕೂರದ ಮಾತೆಲ್ಲ ಇತರೆ. ಇತರೆ ಕಾಲಮ್ಮು ಬೆಳೆಯುತ್ತಾ ಹೋಯಿತು. ಬೇರೆ ಮೂರೂ ಸೇರಿದರೂ ಅದಕ್ಕೆ ಸಾಟಿ ಇರಲಿಲ್ಲ. ಆದರೂ ವರದಿಯಲ್ಲಿ ಅದಕ್ಕೆ ಒಂದೇ ಸಾಲು ಕೊಟ್ಟೆ: ‘ವಿನ್ಯಾಸಕ್ಕೆ ಸಂಬಂಧಪಡದ ಅಭಿಪ್ರಾಯಗಳು’. ಟಿಕ್ ಲೆಕ್ಕದಲ್ಲಿ ಕಮಾನು ಮುಂದೆ ಇತ್ತು. ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆ.

ಸಭೆಯಲ್ಲಿ ವರದಿ ಓದಿದ ಮೇಲೆ ಒಬ್ಬ ಹಿರಿಯ ಇಂಜಿನಿಯರ್ ಕೇಳಿದರು: "ಇಷ್ಟೊಂದು ಇತರೆ ಇದೆಯಲ್ಲ, ಏನಂದಿದ್ದಾರೆ? ನಾಲ್ಕು ಓದಿ ಹೇಳಿ ನೋಡೋಣ." ನನಗೆ ಒಂದೂ ನೆನಪಿಗೆ ಬರಲಿಲ್ಲ. ಎಲ್ಲವನ್ನೂ ಓದಿದ್ದೆ, ಆದರೆ ಯಾವ ಕಾಲಮ್ಮಿಗೆ ಹಾಕಬೇಕು ಅಂತ ನೋಡಿ ಬಿಟ್ಟಿದ್ದೆ. ಅವರು ಬೈಯಲಿಲ್ಲ. "ಒಂದು ವಾರ ತಗೊಳ್ಳಿ, ಓದಿಕೊಂಡು ಬನ್ನಿ" ಅಂದರು. ಬೈದಿದ್ದರೇ ವಾಸಿ ಇತ್ತು ಅನಿಸಿತು.

ಅಂದು ರಾತ್ರಿ ಫಾರಂಗಳ ಕಟ್ಟು ಮನೆಗೆ ತಂದೆ. ಊಟ ಆದ ಮೇಲೆ ನೆಲದ ಮೇಲೆ ಹರಡಿಕೊಂಡು ಒಂದೊಂದಾಗಿ ಓದಿದೆ.

‘ಮಧ್ಯಾಹ್ನ ಕಂಬಿ ಹಿಡಿದರೆ ಕೈ ಸುಡುತ್ತೆ.’ ‘ನಮ್ಮಮ್ಮಗೆ ಮಂಡಿ ನೋವು, ಹತ್ತೋಕಾಗಲ್ಲ.’ ‘ರಾತ್ರಿ ಹೆಣ್ಮಕ್ಕಳು ಒಬ್ಬರೇ ಹೋಗಬಹುದಾ?’ ‘ಯಾರು ಕಸ ಹೊಡೀತಾರೆ?’ ‘ಮೊದಲು ಸಿಗ್ನಲ್ ಹಾಕ್ರಿ.’ ‘ತಲೆ ಮೇಲೆ ಗಂಟು ಇದ್ದರೆ ಹೆಂಗೆ?’ ‘ಬಸ್ಸು ಇಲ್ಲಿ ನಿಲ್ಲುತ್ತೆ, ಮೆಟ್ಟಿಲು ಅಲ್ಲಿ ಯಾಕೆ?’ ‘ಮೋರ್ಬಿ ಥರ ಆದ್ರೆ?’

ಇವೆಲ್ಲ ವಿನ್ಯಾಸಕ್ಕೆ ಸಂಬಂಧಪಡದ ಮಾತು ಅಂತ ನಾನು ಬರೆದಿದ್ದೆ. ನಿಜಕ್ಕೂ ವಿನ್ಯಾಸದ ಬಗ್ಗೆ ಮಾತಾಡಿದ್ದು ಇವರೇ. ಕಮಾನೋ ಕೇಬಲ್ಲೋ ಅಂತ ಟಿಕ್ ಹಾಕಿದ್ದು ನಾವು ಕೇಳಿದ್ದಕ್ಕೆ ಕೊಟ್ಟ ಉತ್ತರ. ಅವರಾಗಿಯೇ ಹೇಳಬೇಕು ಅನಿಸಿದ್ದನ್ನು ಕೆಳಗಿನ ಎರಡು ಗೆರೆಯಲ್ಲಿ ಹೇಳಿದ್ದರು.

ಇನ್ನೊಂದು ಕಟ್ಟು ಇತ್ತು. ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದ ಫಾರಂಗಳು. ಬಳ್ಳಾರಿಯಲ್ಲಿ ಒಂದು ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಮೂರು ಭಾಷೆ ಕಿವಿಗೆ ಬೀಳುತ್ತವೆ. ಆದರೆ ನಮ್ಮ ಫಾರಂ ಕನ್ನಡದಲ್ಲಿ ಮಾತ್ರ ಇತ್ತು. ನನಗೆ ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಉರ್ದು ಲಿಪಿ ಗೊತ್ತೇ ಇಲ್ಲ. ಅವನ್ನೆಲ್ಲ ಓದದೆಯೇ ಇತರೆಗೆ ಹಾಕಿದ್ದೆ. ಇದು ನನಗೆ ಈಗಲೂ ನೋವು ಕೊಡುತ್ತದೆ. ಒಬ್ಬರು ನಿಂತು, ಪೆನ್ನು ಕೇಳಿ ಪಡೆದು, ತಮ್ಮ ಅಕ್ಷರದಲ್ಲಿ ಬರೆದು ಹೋಗಿದ್ದಾರೆ. ನಾನು ಅದನ್ನು ಬರಿಯ ಒಂದು ಸಂಖ್ಯೆ ಮಾಡಿಬಿಟ್ಟೆ. ಮರುದಿನ ಗೊತ್ತಿದ್ದವರಿಂದ ಓದಿಸಿದೆ. ಉರ್ದುವಿನ ಒಂದು ಫಾರಂನಲ್ಲಿ ಬಸ್ಸಿನಿಂದ ಆಸ್ಪತ್ರೆಯ ಬಾಗಿಲವರೆಗೆ ಪುಟ್ಟ ನಕ್ಷೆಯನ್ನೇ ಬರೆದಿದ್ದರು. ಮೆಟ್ಟಿಲು ಎಲ್ಲಿ ಇಳಿಯಬೇಕು ಅಂತ ಬಾಣದ ಗುರುತು ಹಾಕಿದ್ದರು. ನಮ್ಮ ಮೂರು ವಿನ್ಯಾಸಗಳಲ್ಲಿ ಒಂದೂ ಆ ಜಾಗದಲ್ಲಿ ಇಳಿಯುತ್ತಿರಲಿಲ್ಲ.

ಆಮೇಲೆ ಆ ಹಿರಿಯ ಇಂಜಿನಿಯರ್ ಹತ್ತಿರ ಹೋಗಿ ಮೆಟ್ಟಿಲಿನ ಲೆಕ್ಕ ಕೇಳಿದೆ. ಅವರು ಹಾಳೆ ತೆಗೆದುಕೊಂಡು ತೋರಿಸಿದರು. ಕೆಳಗೆ ಲಾರಿ ಹೋಗಬೇಕು. ಅದಕ್ಕೆ ರಸ್ತೆಯಿಂದ ಸೇತುವೆಯ ತಳಕ್ಕೆ 5.5 ಮೀಟರ್ ಬಿಡಬೇಕು. ಅದರ ಮೇಲೆ ತೊಲೆ, ನೆಲ. ನಡೆಯುವವರು ಕಡಿಮೆ ಅಂದರೂ 6 ಮೀಟರ್ ಏರಬೇಕು. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದರೆ 40 ಮೆಟ್ಟಿಲು. ಹತ್ತಿ ಇಳಿದರೆ 80. ಕೆಳಗಿನ ರಸ್ತೆ 24 ಮೀಟರ್. ಸಿಗ್ನಲ್ ಲೆಕ್ಕದಲ್ಲಿ ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. ಅಂದರೆ ನೆಲದ ಮೇಲೆ 20 ಸೆಕೆಂಡಿನ ದಾರಿ. ಜನ ಡಿವೈಡರ್ ಸಂದಿ ಬಿಟ್ಟು ಮೇಲೆ ಯಾಕೆ ಹತ್ತುತ್ತಾರೆ? ‘ಅವರಿಗೆ ಶಿಸ್ತಿಲ್ಲ’ ಅಂತ ಹೇಳುವವರನ್ನು ಬೇಕಾದಷ್ಟು ಕೇಳಿದ್ದೇನೆ. ಈ ಲೆಕ್ಕ ನೋಡಿದ ಮೇಲೆ ನಾನು ಹಾಗೆ ಹೇಳಲಾರೆ.

ಗಾಲಿಕುರ್ಚಿಗೆ ಇಳಿಜಾರು ಬೇಕು ಅಂದರೆ ಲೆಕ್ಕ ಇನ್ನೂ ಬಿಗಿ. ಒಂದು ಮೀಟರ್ ಏರಲು 12 ಮೀಟರ್ ಉದ್ದ ಬೇಕು. 6 ಮೀಟರಿಗೆ 72. ನಡುನಡುವೆ, 9 ಮೀಟರಿಗೆ ಒಂದರಂತೆ, ನಿಂತು ಉಸಿರಾಡಲು ಸಮತಟ್ಟಾದ ಜಾಗ ಬೇಕು. ಎಲ್ಲ ಸೇರಿ ಒಂದೊಂದು ಬದಿಗೆ 80 ಮೀಟರ್ ದಾಟುತ್ತದೆ. ನಮ್ಮ ಮೂರು ಚಿತ್ರಗಳಲ್ಲಿ ಒಂದರಲ್ಲೂ ಇಳಿಜಾರು ಇರಲಿಲ್ಲ. ಲಿಫ್ಟ್ ಇತ್ತು. ಅದು ನಿಂತ ದಿನ ಏನು ಅನ್ನುವುದು ಎಲ್ಲೂ ಇರಲಿಲ್ಲ. ಅದೂ ಆಸ್ಪತ್ರೆಯ ಎದುರು.

ಚಿತ್ರಗಳ ವಿಷಯ ಹೇಳಲೇಬೇಕು. ಒಬ್ಬ ಅಜ್ಜ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಫಾರಂ ತುಂಬಲಿಲ್ಲ. ಕೋಟೆಯ ಗುಡ್ಡದ ಕಡೆ ಕೈ ತೋರಿಸಿ, "ಆ ಕಥೆ ಗೊತ್ತೈತಾ ನಿಮಗೆ?" ಅಂದರು. ಬಳ್ಳಾರಿಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ಕಥೆ. ಹೈದರ್ ಅಲಿ ಫ್ರೆಂಚ್ ಇಂಜಿನಿಯರ್ ಒಬ್ಬನ ಕೈಯಲ್ಲಿ ಕೋಟೆ ಗಟ್ಟಿ ಮಾಡಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ. ಅಲ್ಲಿ ನಿಂತರೆ ಕೋಟೆಯ ಒಳಗೆಲ್ಲ ಕಾಣುತ್ತದೆ. ಸಿಟ್ಟು ಬಂದು ಇಂಜಿನಿಯರನ್ನು ನೇಣಿಗೆ ಹಾಕಿಸಿದ ಅಂತ ಊರು ಹೇಳುತ್ತದೆ. "ಕಟ್ಟಿದ್ದೇನೋ ಚಲೋ ಕಟ್ಟಿದ್ದ. ಆಕಡೆ ಗುಡ್ಡದಾಗ ನಿಂತು ನೋಡ್ಲಿಲ್ಲ, ಅಷ್ಟೇ" ಅಂದು ಅಜ್ಜ ಹೊರಟೇಬಿಟ್ಟರು. ನನಗೆ ಅರ್ಥ ಆಗಲಿಲ್ಲ. ಕಥೆ ಹೇಳುವ ಖಯಾಲಿ ಇರಬೇಕು ಅಂದುಕೊಂಡೆ.

ಫಾರಂಗಳನ್ನು ಓದಿದ ಮೇಲೆ ಬೋರ್ಡುಗಳನ್ನು ಮತ್ತೆ ಬಿಚ್ಚಿ ನೋಡಿದೆ. ಮೂರೂ ಚಿತ್ರಗಳನ್ನು ರಸ್ತೆಯ ಮಧ್ಯದಿಂದ, ದೂರದಿಂದ ಬರೆದಿದ್ದರು. ಕಾರಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಹಾಗೆ ಕಾಣುತ್ತದೆ. ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದರೆ ಹೇಗೆ ಕಾಣುತ್ತದೆ, ಮೇಲೆ ನಡೆಯುವಾಗ ಪಕ್ಕದಲ್ಲಿ ಏನಿರುತ್ತದೆ, ನೆರಳು ಎಲ್ಲಿ ಬೀಳುತ್ತದೆ, ಯಾವುದೂ ಇಲ್ಲ. ಸೇತುವೆಯ ಕೆಳಗೆ ಹೋಗುವವರ ಕಣ್ಣಿನ ಚಿತ್ರ ತೋರಿಸಿ, ಮೇಲೆ ಹೋಗುವವರನ್ನು ಅಭಿಪ್ರಾಯ ಕೇಳಿದ್ದೆವು.

ಹಾಗಂತ ಅಂದ ಬೇಕು ಅಂದವರನ್ನು ತಳ್ಳಿಹಾಕುವುದು ಬೇಡ. ಒಬ್ಬ ಕಾಲೇಜು ಹುಡುಗ ಕಮಾನಿಗೆ ಟಿಕ್ ಹಾಕಿ, ಹಾಳೆಯ ಹಿಂದೆಯೂ ಬರೆದಿದ್ದ. ಗಣಿ, ಧೂಳು, ಬಿಸಿಲು ಬಿಟ್ಟು ನಮ್ಮೂರಿನ ಬಗ್ಗೆ ಯಾರೂ ಮಾತಾಡಲ್ಲ, ಫೋನಿನಲ್ಲಿ ಫೋಟೋ ತೆಗೆದು ಕಳಿಸುವಂಥದ್ದು ಒಂದಾದರೂ ಬೇಡವಾ ಅಂತ. ಅದೂ ನ್ಯಾಯವಾದ ಆಸೆ. ತೋರಣಗಲ್ಲಿನಲ್ಲಿ ಅಷ್ಟು ಉಕ್ಕು ತಯಾರಾಗುತ್ತದೆ, ಊರಿಗೆ ಒಂದು ಒಳ್ಳೆಯ ಉಕ್ಕಿನ ಸೇತುವೆ ಬೇಕು ಅಂದರೆ ಅದರಲ್ಲಿ ತಪ್ಪೇನಿದೆ?

ಹಂಪಿಯ ಸೇತುವೆಯ ಮಾತನ್ನೂ ಕೆಲವರು ತೆಗೆದಿದ್ದರು. ಆ ಸೇತುವೆ ಕಟ್ಟುವ ಕಾಲಕ್ಕೆ ಹಂಪಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಂಪಿ ಪರಿಸರದಲ್ಲಿ ಕಟ್ಟುತ್ತಿದ್ದ ಎರಡು ತೂಗು ಸೇತುವೆಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಹಾಕಿತು. ಅದರಲ್ಲಿ ಒಂದು ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಗೆ ಹೋಗುವ ಕಾಲ್ಸೇತುವೆ. ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಇನ್ನೊಂದು, ಆನೆಗೊಂದಿಯ ಸೇತುವೆ, 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಸತ್ತರು. ಅಷ್ಟು ವರ್ಷ ಅಲ್ಲಿ ಹೊಳೆ ದಾಟುವವರು ಹರಿಗೋಲು, ದೋಣಿಗಳಲ್ಲಿ ದಾಟಿದರು. ಸೇತುವೆ ಹಂಪಿಯ ನೋಟಕ್ಕೆ ಅಡ್ಡ ಬರಬಾರದು ಅನ್ನುವ ಮಾತಿನಲ್ಲಿ ಸತ್ಯ ಇತ್ತು, ಆ ದಡದಲ್ಲಿ ಇದ್ದವರ ಕಷ್ಟವೂ ಸತ್ಯವೇ. ಈ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ನನ್ನಂಥವರ ಕೆಲಸ.

ಕೇಬಲ್ ಸೇತುವೆಯ ಬಗ್ಗೆ ಜನರಿಗೆ ಇದ್ದದ್ದು ಭಯ. ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗು ಸೇತುವೆ ಹರಿದು 135 ಜನ ಸತ್ತದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದರು. ಅದು ಹಳೆಯ ತೂಗು ಸೇತುವೆ, ಇದು ಬೇರೆ ಜಾತಿಯದು ಅಂತ ನಮ್ಮ ಹುಡುಗರು ಟೇಬಲ್ಲಿನಲ್ಲಿ ಕೂತು ವಾದ ಮಾಡಿದರು. ವಾದ ಮಾಡಬಾರದಿತ್ತು. ‘ಯಾರು ನೋಡಿಕೊಳ್ಳುತ್ತಾರೆ? ವರ್ಷಕ್ಕೆ ಎಷ್ಟು ಸಲ ಪರೀಕ್ಷೆ?’ ಅನ್ನುವುದು ಆ ಭಯದ ಒಳಗಿದ್ದ ಪ್ರಶ್ನೆ. ಹಾಗೆ ನೋಡಿದರೆ ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್ 10ರಂದು ತೆರೆದು, ಜನರ ನಡಿಗೆಗೇ ಅಡ್ಡಡ್ಡ ತೂಗಾಡಿ, ಎರಡೇ ದಿನಕ್ಕೆ ಮುಚ್ಚಿತು. ಕಂಪನ ತಡೆಯುವ ಸಾಧನ ಹಾಕಿ ಮತ್ತೆ ತೆರೆಯುವಾಗ 2002 ಬಂದಿತ್ತು. ದೊಡ್ಡ ದೊಡ್ಡವರು ಮಾಡಿದ ಲೆಕ್ಕದಲ್ಲೂ ನಡೆಯುವವರ ಕಾಲು ಬಿಟ್ಟುಹೋಗಬಹುದು. ‘ಅಲುಗಾಡುತ್ತಾ?’ ಅಂತ ಕೇಳಿದ ಹೆಂಗಸಿಗೆ ನಮ್ಮ ಟೇಬಲ್ಲಿನಲ್ಲಿ ಒಬ್ಬರೂ ಸರಿಯಾಗಿ ಉತ್ತರಿಸಲಿಲ್ಲ.

ಎರಡನೇ ಸಲ ಕೇಳೋಣ ಅಂತ ಆಯಿತು. ಈ ಸಲ ಮಧ್ಯಾಹ್ನ ಹನ್ನೆರಡರಿಂದ ಮೂರು ಕೂಡ ಕೂತೆವು. ಹಾಗೆ ಕೂತಾಗಲೇ ಗೊತ್ತಾಯಿತು, ಆಸ್ಪತ್ರೆಯ ಹೊರರೋಗಿ ವಿಭಾಗ ಮುಗಿಸಿಕೊಂಡು ಹಳ್ಳಿಗೆ ಬಸ್ಸು ಹಿಡಿಯುವವರು ದಾಟುವುದು ಅದೇ ಉರಿಬಿಸಿಲಿನಲ್ಲಿ. ಮೊದಲ ಸಲ ಅವರಲ್ಲಿ ಒಬ್ಬರನ್ನೂ ನಾವು ಕೇಳಿರಲಿಲ್ಲ. ಫಾರಂ ಮೂರು ಭಾಷೆಯಲ್ಲಿ ಮಾಡಿದೆವು. ಓದು ಬಾರದವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆವು. ‘ಯಾವುದು ಇಷ್ಟ?’ ಅನ್ನುವುದನ್ನು ಕೊನೆಗೆ ತಳ್ಳಿ, ಮೊದಲು ಹೀಗೆ ಕೇಳಿದೆವು: ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಕೈಯಲ್ಲಿ ಏನಿದೆ, ಜೊತೆಗೆ ಯಾರಿದ್ದಾರೆ?

‘ಕೈಯಲ್ಲಿ ಏನಿದೆ’ ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಜೀನ್ಸ್ ತುಂಡುಗಳ ಗಂಟು ಹೊತ್ತ ಒಬ್ಬ ಹೆಂಗಸು ಗಂಟು ಇಳಿಸಿ ನಮ್ಮ ಅಳತೆಯ ಟೇಪು ಕೇಳಿದರು. ಗಂಟಿನ ಅಗಲ ಅಳೆದು, "ಎದುರಿಗೆ ಇನ್ನೊಬ್ಬಾಕಿ ಇಂಥದೇ ಹೊತ್ತು ಬಂದ್ರೆ ನಿಮ್ಮ ಮೆಟ್ಟಿಲ ಮ್ಯಾಲೆ ಇಬ್ಬರೂ ಹಾಯ್ತೀವಾ?" ಅಂದರು. ಹಾಯುತ್ತಿರಲಿಲ್ಲ. ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ 2017ರ ಸೆಪ್ಟೆಂಬರ್ 29ರಂದು ಕಾಲ್ತುಳಿತ ಆಗಿ 23 ಜನ ಸತ್ತದ್ದು ಮೇಲ್ಸೇತುವೆಯ ಇಕ್ಕಟ್ಟಾದ ಮೆಟ್ಟಿಲಲ್ಲೇ ಅಂತ ಓದಿದ್ದೆ. ಆದರೂ ಮೆಟ್ಟಿಲಿನ ಅಗಲ ಒಂದು ಅಭಿಪ್ರಾಯದ ವಿಷಯ ಅಂತ ನನಗೆ ಹೊಳೆದದ್ದು ಆ ಟೇಪಿನಿಂದ.

ಎರಡನೇ ವರದಿಯಲ್ಲಿ ಇತರೆ ಅನ್ನುವ ಕಾಲಮ್ಮು ಇರಲಿಲ್ಲ. ನೆರಳು, ಮೆಟ್ಟಿಲು, ಇಳಿಜಾರು, ಬೆಳಕು, ಹೊರೆ, ನಿರ್ವಹಣೆ, ನೆಲದ ಮೇಲೆಯೇ ದಾಟಲು ದಾರಿ. ಒಂದೊಂದಕ್ಕೂ ಒಂದೊಂದು ಪುಟ, ಜನರ ಮಾತಿನಲ್ಲೇ. ಬಹಳ ಜನ ಮೂರೂ ಬೇಡ, ಸಿಗ್ನಲ್ ಮತ್ತು ಜೀಬ್ರಾ ಸಾಕು ಅಂದಿದ್ದರು. ಅದನ್ನೂ ಹಾಗೇ ಹಾಕಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗದರ್ಶಿ, ಐಆರ್‌ಸಿ 103, ಅದೂ ನೆಲಮಟ್ಟದಲ್ಲಿ ದಾಟುವುದಕ್ಕೇ ಮೊದಲ ಜಾಗ ಕೊಡುತ್ತದೆ. ಸೇತುವೆ ಕಟ್ಟಲು ಕೂತವರ ಮುಂದೆ ಇದನ್ನು ಇಡಬೇಡ ಅಂತ ನಮ್ಮ ಆಫೀಸಿನಲ್ಲಿ ಹೇಳಿದರು. ಇಟ್ಟೆ. ಆ ಹಿರಿಯ ಇಂಜಿನಿಯರ್ ಎಲ್ಲ ಪುಟ ಓದಿದರು. ಮೂರನೇ ವಿನ್ಯಾಸದ ಮಾಡನ್ನು ಮೆಟ್ಟಿಲಿನವರೆಗೂ ಎಳೆದು, ಮೆಟ್ಟಿಲನ್ನು ಅಗಲ ಮಾಡಿ, ಬಸ್ಸು ನಿಲ್ಲುವ ಕಡೆಗೇ ಇಳಿಸಿ ಮತ್ತೆ ಬರೆಯಲು ಹೇಳಿದರು. ಅಲ್ಲಿಯವರೆಗೆ ಸಿಗ್ನಲ್ ಹಾಕುವ ಬಗ್ಗೆ ಬೇರೆ ಪತ್ರ ಹೋಯಿತು. ಇನ್ನೂ ಉತ್ತರ ಬಂದಿಲ್ಲ. ಸೇತುವೆಯ ಕೆಲಸವೂ ಶುರುವಾಗಿಲ್ಲ.

ಕಳೆದ ತಿಂಗಳು ಬೇರೆ ಕೆಲಸಕ್ಕೆ ಆ ಕಡೆ ಹೋಗಿದ್ದೆ. ಮಧ್ಯಾಹ್ನ ಒಂದೂವರೆ. ಅದೇ ಹೆಂಗಸು ಗಂಟು ಹೊತ್ತು ಡಿವೈಡರ್ ಸಂದಿಯಲ್ಲಿ ನಿಂತಿದ್ದರು. ನನ್ನ ಗುರುತು ಹಿಡಿದರು.

"ಏನಾತಕ್ಕ ನಮ್ಮ ಬ್ರಿಜ್ಜು? ನನ್ನ ಗಂಟಿನ ಅಳತೆ ಬರೆದ್ರಾ?"

"ಬರೆದಿದ್ದೇನೆ."

"ಎಷ್ಟು ಬರೆದ್ರಿ?"

ಅಳತೆ ನನಗೆ ಬಾಯಿಪಾಠ ಆಗಿತ್ತು, ಹೇಳಿದೆ. "ಸರಿ ಐತಿ" ಅಂದರು. ಅಷ್ಟರಲ್ಲಿ ಲಾರಿಗಳ ಸಾಲು ಸ್ವಲ್ಪ ತೆರವಾಯಿತು. ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈ ಮುಂದೆ ಚಾಚಿ, ಬರುವ ಗಾಡಿಗಳಿಗೆ ನಿಲ್ಲಿ ಅಂತ ತೋರಿಸುತ್ತಾ ದಾಟಿದರು.