ಬೀಡಿ ಕಟ್ಟುವವಳು ಸೊಸೆ, ಕಾರ್ಡು ಅತ್ತೆಯದು

ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಕಾರ್ಕಳ ಕಡೆ ಎಷ್ಟೋ ಮನೆಗಳ ವಾರದ ದಿನಸಿ, ಸಂಘದ ಕಂತು, ಕರೆಂಟ್ ಬಿಲ್ಲು, ಮಕ್ಕಳ ಬಸ್ ಪಾಸು ಎಲ್ಲವೂ ಬೀಡಿಯ ದುಡ್ಡಿನಿಂದಲೇ ನಡೆಯುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಾಗ, ಗಾರೆ ಕೆಲಸ ಮಳೆಗೆ ನಿಂತಾಗ, ಒಲೆ ಉರಿಸುವುದು ಹೆಂಗಸಿನ ಮಡಿಲಲ್ಲಿರುವ ತಡ್ಪೆ (ಬೀಡಿ ಕಟ್ಟುವ ಮೊರ). ಆದರೂ ಮನೆಯವರ ಬಾಯಲ್ಲಿ ಅದು 'ಬಿಡುವಿನಲ್ಲಿ ಮಾಡುವ ಕೆಲಸ'. ಸಾವಿರ ಬೀಡಿ ಕಟ್ಟಲು ಕೈ ಪಳಗಿದವರಿಗೂ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಅದು ಯಾವ ಬಿಡುವು ಎಂದು ಕೇಳುವವರಿಲ್ಲ.

ಕೆಲಸದ ಕ್ರಮ ಗೊತ್ತಿದ್ದರೆ ದುಡ್ಡು ಎಲ್ಲಿ ಸೋರುತ್ತದೆ ಎಂಬುದೂ ಗೊತ್ತಾಗುತ್ತದೆ. ಬ್ರಾಂಚಿನಿಂದ, ಅಂದರೆ ಬೀಡಿ ಕಂಪೆನಿಯ ಊರಿನ ಡಿಪೋದಿಂದ, ಒಣ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಬರುತ್ತವೆ. ಎಲೆ ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ, ಮಹಾರಾಷ್ಟ್ರದ ಕಾಡುಗಳ ತೆಂದು ಎಲೆ. ಹಿಂದಿನ ಸಂಜೆಯೇ ಅದನ್ನು ನೀರಲ್ಲಿ ಅದ್ದಿ, ಕೊಡವಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ನೀರು ಹೆಚ್ಚಾದರೆ ಕಟ್ಟಿದ ಬೀಡಿ ಒಣಗುವಾಗ ಎಲೆ ಕುಗ್ಗಿ ನೂಲು ಸಡಿಲಾಗುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ನೀರು ಕಡಿಮೆಯಾದರೆ ಸುತ್ತುವಾಗಲೇ ನರದ ಉದ್ದಕ್ಕೆ ಸೀಳುತ್ತದೆ. ಬೆಳಿಗ್ಗೆ ತಗಡಿನ ಅಳತೆ ಇಟ್ಟು, ನಡುವಿನ ದಪ್ಪ ನರ ತಪ್ಪಿಸಿ, ಕತ್ತರಿಯಲ್ಲಿ ತುಂಡು ಮಾಡುತ್ತಾರೆ. ದೊಡ್ಡ ಎಲೆಯಲ್ಲಿ ಎರಡು ತುಂಡು, ಸಣ್ಣದರಲ್ಲಿ ಒಂದು, ತೂತು ಬಿದ್ದದ್ದರಲ್ಲಿ ಏನೂ ಇಲ್ಲ. ಆಮೇಲೆ ಎಡಗೈಯಲ್ಲಿ ತುಂಡು ಹಿಡಿದು, ಬಲಗೈಯ ಚಿಟಿಕೆ ಹುಡಿಯನ್ನು ಒಂದು ತುದಿಗೆ ಹೆಚ್ಚು, ಬಾಯಿಯ ಕಡೆಗೆ ಕಡಿಮೆ ಬರುವಂತೆ ಹರಡಿ, ಓರೆಯಾಗಿ ಸುತ್ತಿ, ಸಪೂರ ತುದಿಯ ಹತ್ತಿರ ನೂಲು ಬಿಗಿದು, ಅಗಲದ ತುದಿಯನ್ನು ಕಬ್ಬಿಣದ ಸಣ್ಣ ಕಡ್ಡಿಯಿಂದ ಒಳಕ್ಕೆ ಮಡಚಿ ಮುಚ್ಚುವುದು. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.

ಮೊದಲು ಸೋರುವುದು ಎಲೆಯಲ್ಲಿ. ಕೂಲಿ ಸಾವಿರಕ್ಕೆ ಎಂದಿದ್ದರೂ ಬ್ರಾಂಚಿನಲ್ಲಿ ಎಲೆ ಕೊಡುವುದು ತೂಕದಲ್ಲಿ. ಸಾವಿರಕ್ಕೆ 650 ಗ್ರಾಂ ಕೊಟ್ಟರು ಎಂದುಕೊಳ್ಳಿ. ಆಗ 100 ಗ್ರಾಂ ಎಲೆಯಿಂದ 154 ತುಂಡು ಬರಬೇಕು. ಎಲೆ ಕಳಪೆಯಾಗಿ 120 ಮಾತ್ರ ಬಂದರೆ 650 ಗ್ರಾಂಗೆ ಸಿಗುವುದು 780 ತುಂಡು. ಉಳಿದ 220 ಬೀಡಿಗೆ ಸುಮಾರು 183 ಗ್ರಾಂ ಎಲೆಯನ್ನು ಕಟ್ಟುವವಳೇ ದುಡ್ಡು ಕೊಟ್ಟು ತರಬೇಕು, ಇಲ್ಲದಿದ್ದರೆ ಕೂಲಿಯಲ್ಲಿ ಮುರಿಸಿಕೊಳ್ಳಬೇಕು. ಈ ಖರ್ಚು ಬ್ರಾಂಚಿನವರು ಕೂಲಿಯ ಲೆಕ್ಕ ಬರೆಯುವ ಪಾಸ್‌ಬುಕ್ಕಿನ ಯಾವ ಸಾಲಿನಲ್ಲೂ ಕಾಣಿಸುವುದಿಲ್ಲ. ಆದ್ದರಿಂದ ಹೊಸ ಮೂಟೆಯ ಎಲೆ ಬಂದ ದಿನ, ನೆನೆಸುವ ಮೊದಲು (ನೆನೆಸಿದ ಮೇಲಿನ ತೂಕ ಯಾವ ಲೆಕ್ಕಕ್ಕೂ ಬಾರದು) 100 ಗ್ರಾಂ ಬೇರೆ ತೂಗಿ, ಅದಷ್ಟನ್ನೇ ನೆನೆಸಿ ಕತ್ತರಿಸಿ ಎಣಿಸಿ. ಕಡಿಮೆ ಬಂದರೆ ಉಳಿದ ಎಲೆಯನ್ನು ಕತ್ತರಿಸದೆ ಮರುದಿನವೇ ಬ್ರಾಂಚಿಗೆ ಒಯ್ಯಿರಿ. ಎಲ್ಲ ಕತ್ತರಿಸಿ, ಕಟ್ಟಿ, ವಾರದ ಕೊನೆಗೆ 'ಎಲೆ ಸರಿ ಇರಲಿಲ್ಲ' ಎಂದರೆ ಕೈಯಲ್ಲಿ ಸಾಕ್ಷಿ ಉಳಿದಿರುವುದಿಲ್ಲ. ಒಬ್ಬಳೇ ಹೋಗುವುದಕ್ಕಿಂತ ಅದೇ ಮೂಟೆಯ ಎಲೆ ಪಡೆದ ನಾಲ್ಕು ಮನೆಯವರು ಒಟ್ಟಿಗೆ ಹೋದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಸೋರಿಕೆ ಬೀಡಿ ಕೊಡುವಾಗ. ಸಡಿಲ ಸುತ್ತು, ಮುಚ್ಚದ ತುದಿ, ಗಿಡ್ಡ, ಹುಡಿ ಕಡಿಮೆ ಎಂದು ಕಟ್ಟಿನಿಂದ ತೆಗೆದು ಹಾಕುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಡಿ ನಮ್ಮ ರಾಜ್ಯ ಮಾಡಿದ್ದ ನಿಯಮದಲ್ಲಿ, ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ತೆಗೆಯಬಾರದು, ಬೇಕೆಂದೇ ಮಾಡಿದ ಅಲಕ್ಷ್ಯವಲ್ಲದಿದ್ದರೆ ತೆಗೆದ ಬೀಡಿಗೂ ಅರ್ಧ ದರ ಕೊಡಬೇಕು ಎಂದಿತ್ತು. ಮಾಲೀಕರು ಆ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು, 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ ಎಂಬ ಮಾತು ಗಟ್ಟಿಯಾದದ್ದು ಹೀಗೆ. 1966ರ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಯಾವ ಕಾಯ್ದೆ ಇದ್ದರೂ ಸಾವಿರಕ್ಕೆ ನೂರು ತೆಗೆದರೆ 'ಯಾಕೆ' ಎಂದು ಕೇಳಿ, ತೆಗೆದದ್ದನ್ನು ಕಣ್ಣೆದುರೇ ಮುರಿಸಿ. ಮುರಿಯದೆ ಬದಿಗಿಟ್ಟ ಬೀಡಿ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೂಲಿಯಲ್ಲಿ ಎರಡು ಭಾಗ: ಸಾವಿರಕ್ಕೆ ಮೂಲ ದರ, ಅದರ ಮೇಲೆ ತುಟ್ಟಿಭತ್ಯೆ. ತುಟ್ಟಿಭತ್ಯೆ ಬದಲಾಗುವುದು ಏಪ್ರಿಲ್ 1ಕ್ಕೆ. ಏಪ್ರಿಲಿನ ಮೊದಲ ವಾರದ ಪಾಸ್‌ಬುಕ್ಕನ್ನು ಮಾರ್ಚಿನದರ ಪಕ್ಕ ಇಟ್ಟು ನೋಡಿ. ಅಂಕಿ ಅದೇ ಇದ್ದರೆ ಕೇಳಬೇಕಾದ ಹೊತ್ತು ಅದೇ. ಕಟ್ಟಿದ ಬೀಡಿ, ತೆಗೆದ ಬೀಡಿ, ಪಡೆದ ಎಲೆ ಈ ಮೂರನ್ನು ಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲೇ ಬರೆದಿಟ್ಟರೆ ಸಾಕು, ಬೇರೆ ಪುಸ್ತಕ ಬೇಡ.

ಎಲೆಯ ನಷ್ಟ ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಇಡೀ ದುಡಿಮೆಯನ್ನೇ ಸದ್ದಿಲ್ಲದೆ ತಿನ್ನುವುದು ಕಾರ್ಡಿನ, ಅಂದರೆ ಬ್ರಾಂಚಿನಲ್ಲಿ ಕೆಲಸ ಯಾರದ್ದೆಂದು ದಾಖಲಿಸುವ ಚೀಟಿಯ, ಮೇಲಿನ ಹೆಸರು. ಒಂದು ಮನೆಯಲ್ಲಿ ಅತ್ತೆಯ ಹೆಸರಲ್ಲಿ ಒಂದೇ ಕಾರ್ಡು. ಅತ್ತೆಗೆ ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿದೆ, ಕಟ್ಟುವವಳು ಸೊಸೆ, ನೂಲು ಬಿಗಿಯುವವಳು ನಾದಿನಿ. ಪಾಸ್‌ಬುಕ್ಕು, ಪಿಎಫ್ (ಭವಿಷ್ಯನಿಧಿ), ಬೋನಸ್ಸು, ರಜೆಯ ಸಂಬಳ ಎಲ್ಲ ಅತ್ತೆಯ ಹೆಸರಿಗೆ. ಸೊಸೆಗೆ ಹೆರಿಗೆಯಾದರೆ ಹೆರಿಗೆ ಭತ್ಯೆ ಇಲ್ಲ, ಯಾಕೆಂದರೆ ದಾಖಲೆಯಲ್ಲಿ ಅವಳು ಒಂದು ಬೀಡಿಯನ್ನೂ ಕಟ್ಟಿಲ್ಲ. ಅತ್ತೆಯ ಲೆಕ್ಕ ಮುಗಿದ ಮೇಲೆ ಸೊಸೆಯ ಸೇವಾವಧಿ ಸೊನ್ನೆಯಿಂದ ಶುರು, ಆಗ ಅವಳಿಗೆ ನಲವತ್ತು ದಾಟಿರುತ್ತದೆ. 'ಒಂದೇ ಮನೆಯ ದುಡ್ಡಲ್ಲವಾ' ಎಂಬ ಮಾತು ಪಿಎಫ್ ಕಚೇರಿಯಲ್ಲಿ ನಡೆಯದು. ಮದುವೆಯಾಗಿ ಬಂದ ವರ್ಷವೇ ಸೊಸೆಯ ಹೆಸರಿಗೆ ಬೇರೆ ಕಾರ್ಡು ಕೇಳಬೇಕು. ಕೆಲಸ ಕಡಿಮೆ ಇದೆ, ಹೊಸ ಕಾರ್ಡಿಲ್ಲ ಎಂದರೆ ಅತ್ತೆಗೆ ಪಿಂಚಣಿಯ ವಯಸ್ಸು 58 ತುಂಬುವ ಮೊದಲೇ ಆ ಜಾಗಕ್ಕೆ ಹೆಸರು ಕೊಟ್ಟಿಡಬೇಕು.

ಬೀಡಿಗೆ ಪಿಎಫ್ ಬಂದದ್ದು 1977ರಲ್ಲಿ. ಹೆಚ್ಚಿನ ಉದ್ಯಮಗಳಲ್ಲಿ ವಂತಿಗೆ 12 ಶೇಕಡಾ, ಬೀಡಿಯಲ್ಲಿ 10. ಮಾಲೀಕರ 10ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, 1.67 ಮಾತ್ರ ಪಿಎಫ್ ಖಾತೆಗೆ. 'ನನ್ನಷ್ಟೇ ಮಾಲೀಕರೂ ಹಾಕುತ್ತಾರೆ, ಆದರೆ ಅವರ ಪಾಲು ಖಾತೆಯಲ್ಲಿ ಕಾಣುತ್ತಿಲ್ಲವಲ್ಲ' ಎಂಬ ಗಾಬರಿಗೆ ಕಾರಣ ಇದು, ಅಲ್ಲಿ ಮೋಸವೇನೂ ಇಲ್ಲ. ಪಿಂಚಣಿಯ ಲೆಕ್ಕ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ತಿಂಗಳಿಗೆ 4,200 ರೂಪಾಯಿ ಸರಾಸರಿ, 15 ವರ್ಷ ಸೇವೆ ಎಂದರೆ 900 ರೂಪಾಯಿ. 2014ರಿಂದ ಕನಿಷ್ಠ ಪಿಂಚಣಿ 1,000 ಎಂದಿರುವುದರಿಂದ 1,000 ಸಿಗುತ್ತದೆ. ಜೀವಮಾನವಿಡೀ ಬೆನ್ನು ಬಾಗಿಸಿದ್ದಕ್ಕೆ ಇದೇನೂ ದೊಡ್ಡ ಮೊತ್ತವಲ್ಲ, ಆದರೆ ಮಗನ ಮುಂದೆ ಕೈ ಚಾಚದೆ ಮಾತ್ರೆ ತರುವಷ್ಟಾದರೂ ಆಗುತ್ತದೆ.

ಈ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಇಲ್ಲೇ ಹುಡುಗಿಯರು ಎಡವುವುದು. ಹದಿನೆಂಟಕ್ಕೆ ಕಾರ್ಡು ಮಾಡಿಸಿ ಆರೇಳು ವರ್ಷ ಕಟ್ಟಿದವಳ ಮದುವೆ ನಿಶ್ಚಯವಾದಾಗ ಮನೆಯವರು ಚಿನ್ನಕ್ಕೆಂದು ಪಿಎಫ್ ತೆಗೆಸುತ್ತಾರೆ. ಜತೆಗೆ 10ಸಿ ಫಾರಮ್ಮಿನಲ್ಲಿ ಪಿಂಚಣಿಯ ದುಡ್ಡನ್ನೂ ತೆಗೆದುಬಿಟ್ಟರೆ ಆ ಆರೇಳು ವರ್ಷ ಅಳಿಸಿಹೋದಂತೆ. ಅದೇ ಫಾರಮ್ಮಿನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳುವ ಅವಕಾಶವಿದೆ. ಅದು ಕೈಯಲ್ಲಿದ್ದರೆ ಗಂಡನ ಊರಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದಾಗ, ಅದು ಗೋಡಂಬಿ ಕಾರ್ಖಾನೆಯೇ ಇರಲಿ, ಹಳೆಯ ವರ್ಷಗಳು ಕೂಡಿಕೊಳ್ಳುತ್ತವೆ. ಫಾರಮ್ಮು ತುಂಬಿಕೊಡುವವರು ಇದನ್ನು ತಾವಾಗಿ ಹೇಳುವುದು ಅಪರೂಪ.

ಹೆಸರಿನ ಗೊಂದಲವಂತೂ ಮನೆಮನೆಯದ್ದು. ಪಿಎಫ್ ದಾಖಲೆಯಲ್ಲಿ 'ಲಲಿತ', ಆಧಾರಿನಲ್ಲಿ 'ಲಲಿತಾ ಪೂಜಾರ್ತಿ', ಬ್ಯಾಂಕಿನಲ್ಲಿ ಗಂಡನ ಹೆಸರಿನ ಇನಿಷಿಯಲ್. ಹುಟ್ಟಿದ ತಾರೀಕು ಗೊತ್ತಿಲ್ಲದವರಿಗೆಲ್ಲ ಜನವರಿ 1. ಮೂರರಲ್ಲಿ ಒಂದು ಬೇರೆಯಾದರೂ ಅರ್ಜಿ ವಾಪಸು. ತಿದ್ದಿಸಲು ಜಂಟಿ ಘೋಷಣೆ ಎಂಬ ಅರ್ಜಿ ಬೇಕು, ಅದಕ್ಕೆ ಹಲವು ಸಲ ಮಾಲೀಕರ ಒಪ್ಪಿಗೆಯೂ ಬೇಕಾಗುತ್ತದೆ. ಬ್ರಾಂಚು ಮುಚ್ಚಿದ ಮೇಲೆ ಒಪ್ಪಿಗೆ ಕೊಡುವವರನ್ನು ಹುಡುಕಿ ಅಲೆಯುವುದಕ್ಕಿಂತ ಕೆಲಸದಲ್ಲಿರುವಾಗಲೇ ಸರಿಮಾಡಿಸಿಕೊಳ್ಳಿ. ನಾಮಿನಿ ಹೆಸರು ಮದುವೆಗೆ ಮುಂಚಿನದ್ದೇ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿ.

ಆರೋಗ್ಯದ ವಿಷಯದಲ್ಲಿ ಒಂದೆರಡು ಮಾತು. ಹುಡಿ ಹಸಿಗೈಗೆ ಅಂಟಿದರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗುತ್ತದೆ. ಕಟ್ಟುವಾಗ ಬರುವ ತಲೆಸುತ್ತು, ಓಕರಿಕೆಗೆ ಅದೂ ಒಂದು ಕಾರಣ. ಊಟಕ್ಕೆ ಮೊದಲು, ಮಗುವಿಗೆ ಹಾಲು ಕೊಡುವ ಮೊದಲು ಸೋಪು ಹಾಕಿ ಕೈ ತೊಳೆಯಲೇಬೇಕು. ಹುಡಿಯ ತಡ್ಪೆ ಇರುವ ಕೋಣೆಯಲ್ಲಿ ತೊಟ್ಟಿಲು ಬೇಡ. ಬಸುರಿಯರು ಹುಡಿ ಮುಟ್ಟದಿರುವುದೇ ಒಳ್ಳೆಯದು.

ಶಾಲೆಯಿಂದ ಬಂದ ಹುಡುಗಿಯ ಕೈಗೆ ಕಬ್ಬಿಣದ ಕಡ್ಡಿ ಕೊಟ್ಟು ತುದಿ ಮುಚ್ಚಿಸುವುದು ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಸಾವಿರದಲ್ಲಿ ಇನ್ನೂರರಷ್ಟು ಕೆಲಸ ಅವಳಿಂದಾಗಬಹುದು. ಅದರ ಬೆಲೆಯನ್ನು ವಿದ್ಯಾರ್ಥಿವೇತನದ ಪಕ್ಕದಲ್ಲಿಟ್ಟು ನೋಡಿ: ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ ಒಂದನೇ ತರಗತಿಯಿಂದಲೇ ಕೊಡುತ್ತದೆ, ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 25,000 ರೂಪಾಯಿ. ಕಾರ್ಮಿಕರ ಕಲ್ಯಾಣಕ್ಕೆಂದು ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ನಿಂತಿತು, ಯೋಜನೆ ನಿಲ್ಲಲಿಲ್ಲ. ಅರ್ಜಿ ಹಾಕುವುದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಕೈಯಲ್ಲಿರಲಿ. ಅರ್ಜಿಯನ್ನು ಶಾಲೆಯೂ ಪೋರ್ಟಲಿನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಎಷ್ಟೋ ಅರ್ಜಿ ಸಾಯುವುದು ಅಲ್ಲಿ, ಆದ್ದರಿಂದ ಅರ್ಜಿ ಹಾಕಿದ ವಾರದಲ್ಲೇ ಶಾಲೆಯ ಆಫೀಸಿಗೆ ಹೋಗಿ ವಿಚಾರಿಸಿ.