ಮಗುವಿನ ಖರ್ಚು ಯಾವತ್ತಿನಿಂದ ಲೆಕ್ಕ?

ಡೈವೋರ್ಸ್ ಕೇಸ್ ವರ್ಷಗಟ್ಟಲೆ ಎಳೆದರೂ ಸ್ಕೂಲ್ ಫೀಸ್ ಕಾಯೋದಿಲ್ಲ. ಅದಕ್ಕೇ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ತುಂಬಾ ದೊಡ್ಡ ಮಾತು: ಜೀವನಾಂಶವನ್ನು ಆದೇಶ ಬಂದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು. ಹಾಗಾಗಿ ಅರ್ಜಿ ಹಾಕೋದನ್ನು ಮುಂದೂಡಬೇಡಿ. ಇಬ್ಬರೂ ಸಂಬಳ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದು ಕೊಡಬೇಕು. 'ನನಗೆ ಆದಾಯವೇ ಇಲ್ಲ' ಅಂತ ಸುಮ್ನೆ ಹೇಳಿ ಜಾರಿಕೊಳ್ಳೋದು ಈಗ ಅಷ್ಟು ಸುಲಭವಲ್ಲ. 2024ರ ಜುಲೈ 1ರಿಂದ ಜೀವನಾಂಶದ ಬಗ್ಗೆ ಹೇಳೋ ಹಳೆಯ ಸಿಆರ್‌ಪಿಸಿಯ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಜಾಗಕ್ಕೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ, ಮಗುವಿನ ಹಕ್ಕು ಹಾಗೇ ಇದೆ.

ಇನ್ನು 'ಮಗು ನನ್ನದಲ್ಲ, ಡಿಎನ್‌ಎ ಟೆಸ್ಟ್ ಮಾಡಿಸಿ' ಅನ್ನೋ ವಾದ. ಮದುವೆ ಮುರಿದು 280 ದಿನದೊಳಗೆ ಹುಟ್ಟಿದ ಮಗುವೂ, ತಾಯಿ ಮರುಮದುವೆ ಆಗಿರದಿದ್ದರೆ, ಆ ಗಂಡನದೇ ಅನ್ನುತ್ತೆ ಕಾನೂನು. ಗರ್ಭ ನಿಂತಿರಬಹುದಾದ ಸಮಯದಲ್ಲಿ ಗಂಡ-ಹೆಂಡತಿ ಸೇರೋ ಅವಕಾಶವೇ ಇರಲಿಲ್ಲ ಅಂತ ಸಾಬೀತಾದರೆ ಮಾತ್ರ ಬೇರೆ. ಕೇಳಿದ ತಕ್ಷಣ ಟೆಸ್ಟ್‌ಗೆ ಆದೇಶ ಕೊಡಬಾರದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಸರಿಯೇ ಅಲ್ವಾ? ದೊಡ್ಡವರ ಜಗಳಕ್ಕೆ ಮಗುವಿನ ರಕ್ತ ಯಾಕೆ ತೆಗೀಬೇಕು?