ಧೈರ್ಯ ಎಲ್ಲಿಂದ ಬಂತು ಎಂದು ಕೇಳುವವರಿಗೆ

ಮದುವೆಗೋ ಭೂತದ ಕೋಲಕ್ಕೋ ಹೋದಲ್ಲಿ ಹಳಬರು ಸಿಕ್ಕಿದರೆ ಈ ಮಾತು ಬಂದೇ ಬರುತ್ತದೆ: “ಅಪ್ಪ ಅಡಿಕೆ ಮರದಿಂದ ಬಿದ್ದಾಗ ನಿನಗೆ ಹದಿನೇಳು. ತೋಟ ಹೇಗೆ ನಡೆಸಿದೆ ಮಾರಾಯ? ಅಷ್ಟು ಧೈರ್ಯ ಎಲ್ಲಿಂದ ಬಂತು?”

ಧೈರ್ಯ ಇರಲಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿ ಒಂದೂವರೆ ಎಕ್ರೆ ತೋಟ. ಗುಡ್ಡದ ಹೊಟ್ಟೆಗೆ ಕೊರೆದ ಸುರಂಗದ ನೀರೇ ಮನೆಗೂ ಮರಗಳಿಗೂ. ಅಪ್ಪ ಬಿದ್ದದ್ದು ಮೇ ಕೊನೆಗೆ, ಕೊಳೆರೋಗ ಬಾರದಂತೆ ಅಡಿಕೆ ಗೊನೆಗಳಿಗೆ ಮೊದಲ ಮದ್ದು ಬಿಡುವ ಹೊತ್ತಿಗೆ. ಸೊಂಟದ ಮೂಳೆ ಮುರಿದು ಮಂಗಳೂರಿನ ಆಸ್ಪತ್ರೆ ಸೇರಿದರು, ಜೊತೆಗೆ ಅಮ್ಮ. ಮನೆಯಲ್ಲಿ ಉಳಿದದ್ದು ನಾನು, ಅಜ್ಜಿ, ಎರಡು ದನ.

ನಮ್ಮಲ್ಲಿ ಮರ ಹತ್ತುತ್ತಿದ್ದವರು ಅಪ್ಪನಿಗಿಂತ ಹಿರಿಯರು. ಒಂದು ಬೆಳಿಗ್ಗೆ ಮರ ಹತ್ತಲು ಕಾಲಿಗೆ ಹಾಕುವ ತಳೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತು ತುಳುವಿನಲ್ಲಿ ಕೇಳಿದರು: “ದಾದ ಮಲ್ಪುಗ?” ಏನು ಮಾಡೋಣ ಅಂತ. ಮರದಡಿಯಿಂದ ದೂರ ಹೋಗು ಎಂದು ನನ್ನನ್ನು ಗದರಿಸುತ್ತಿದ್ದವರು ಅವರೇ. ಮೋಡ ಇತ್ತು. ಮದ್ದು ಬಿಟ್ಟ ಮೇಲೆ ಮಳೆ ಬಂದರೆ ದುಡ್ಡು ಹಾಳು ಎಂದು ಹೆದರಿ “ನಾಳೆ ನೋಡೋಣ” ಎಂದೆ. ಮರುದಿನದಿಂದ ಹತ್ತು ದಿನ ಮಳೆ ಬಿಡಲಿಲ್ಲ.

ಮಹಾಳಿ ಹಿಡಿಯಿತು. ಕೊಳೆರೋಗವನ್ನು ನಮ್ಮಲ್ಲಿ ಹಾಗೆ ಹೇಳುವುದು. ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಲೆ, ಆಮೇಲೆ ಬಿಳಿ ಬೂಸ್ಟು. ರಾತ್ರಿ ಮಲಗಿದರೆ ಸೊಗೆಯ ಮೇಲೆ ಟಪ್ ಟಪ್ ಎಂದು ಉದುರುವುದು ಕೇಳುತ್ತಿತ್ತು.

ಆಸ್ಪತ್ರೆಗೆ ಹೋಗಿ ಅಪ್ಪನಲ್ಲಿ ಹೇಳಿದೆ: ನನ್ನದೇ ತಪ್ಪು. ಅವರು ಬೈಯಲಿಲ್ಲ. “ಬಿದ್ದದ್ದನ್ನೆಲ್ಲ ಹೆಕ್ಕಿ ತೋಟದಿಂದ ಹೊರಗೆ ಹಾಕು. ಇಲ್ಲದಿದ್ದರೆ ಉಳಿದದ್ದಕ್ಕೂ ಹಿಡಿಯುತ್ತದೆ” ಎಂದರು. ಮೂರು ದಿನ ಜಿಗಣೆ ಕಿತ್ತುಕೊಳ್ಳುತ್ತಾ ಹೆಕ್ಕಿದೆ. ಬುಟ್ಟಿಗಟ್ಟಲೆ ಹಸಿರು ಕಾಯಿ. ನಾನು ದೊಡ್ಡವನಾದದ್ದು ಎಂಬುದು ಏನಾದರೂ ಇದ್ದರೆ ಆ ಬುಟ್ಟಿ ಹೊರುವಾಗ.

ನಾಲ್ಕನೆಯ ದಿನ ಬಿಸಿಲು ಇಣುಕಿತು. ಮರ ಹತ್ತುವವರು ಕೇಳುವ ಮೊದಲೇ “ಇವತ್ತೇ” ಎಂದೆ. 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಹೊಯ್ಯಬಾರದು. ಈ ಬೋರ್ಡೋ ದ್ರಾವಣವನ್ನು ಕೊಳೆರೋಗಕ್ಕೆ ಮದ್ದೆಂದು ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಅಡಿಕೆ ಬೆಳೆಯುವವರು ನೆನೆಯಬೇಕಾದ ಹೆಸರು. ಮದ್ದು ಹದವಾಗಿದೆಯೇ ಎಂದು ನೋಡಲು ಪೀಶಕತ್ತಿಯನ್ನು, ಅಂದರೆ ಸಣ್ಣ ಚೂರಿಯನ್ನು, ಅದರಲ್ಲಿ ಅದ್ದಿ ತೆಗೆದೆ. ಅಲಗು ಕೆಂಪಾಗಿತ್ತು, ತಾಮ್ರ ಕೂತಿತ್ತು. ಸುಣ್ಣ ಸಾಲದು, ಹಾಗೇ ಬಿಟ್ಟರೆ ಹಿಂಗಾರದ ಹೂ, ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಕದಡಿ ಹಾಕಿ, ಕತ್ತಿ ಉಜ್ಜಿ, ಮತ್ತೆ ಅದ್ದಿದೆ. ಅಲಗು ಬೆಳ್ಳಗೆ ಬಂತು. ಅವರು ಅದನ್ನು ಕೈಯಲ್ಲಿ ಹಿಡಿದು ಎರಡೂ ಮಗ್ಗುಲು ನೋಡಿದರು. ಏನೂ ಹೇಳದೆ ಮರ ಹತ್ತಿದರು.

ಆ ವರ್ಷ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಅರ್ಧಕ್ಕರ್ಧ ಕಡಿಮೆ. ಆಸ್ಪತ್ರೆಯ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು, ಕಾಲೇಜು ಅಲ್ಲಿಗೇ ನಿಂತಿತು. ಅದರ ಬೇಸರ ಈಗಲೂ ಇದೆ.

ಆಗಸ್ಟಿನಲ್ಲಿ ಎರಡನೆಯ ಮದ್ದಿನ ಹೊತ್ತಿಗೆ ಅಪ್ಪ ಮನೆಗೆ ಬಂದಿದ್ದರು. ಜಗಲಿಯಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದರು. ಮರ ಹತ್ತುವವರು ಅಂಗಳಕ್ಕೆ ಬಂದು ಅಪ್ಪನಿಗೆ ನಮಸ್ಕಾರ ಹೇಳಿ, ನನ್ನ ಕಡೆ ತಿರುಗಿ ಕೇಳಿದರು: “ದಾದ ಮಲ್ಪುಗ?”

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮೋಡ ನೋಡುತ್ತಿದ್ದರು.